‘ಕ್ಯಾನ್ಸರ್‌ಗೆ ಲಸಿಕೆ ಬಂತು’ ಎಂದು ಬರೆಯುವ ಮುನ್ನ

ಮಾನ್ಯ ಸಂಪಾದಕರೇ,

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು ನಾನು. ಮೂಡಿಗೆರೆ ಹತ್ತಿರ ನಮ್ಮ ಊರು. ಕಳೆದ ವಾರ ಪಕ್ಕದ ಮನೆಯಾಕೆ ಬಂದು, ‘ಟೀಚರ್, ಕ್ಯಾನ್ಸರ್‌ಗೆ ಲಸಿಕೆ ಬಂದಿದೆಯಂತೆ. ಇನ್ನು ಕೀಮೋ ಬೇಡ ಅಲ್ವಾ?’ ಎಂದು ಕೇಳಿದರು. ಅವರಿಗೆ ಸ್ತನ ಕ್ಯಾನ್ಸರ್. ಆರು ಕೀಮೋಗಳಲ್ಲಿ ಮೂರು ಮುಗಿದಿವೆ. ತಲೆಗೂದಲು ಹೋಗಿದೆ, ಬಾಯಲ್ಲಿ ಹುಣ್ಣು, ಊಟ ಸೇರುವುದಿಲ್ಲ. ಪ್ರತಿ ಸಲ ಬೆಂಗಳೂರಿಗೆ ಹೋಗಿ ಬಂದಾಗ ಗಂಡನ ಎರಡು ದಿನದ ತೋಟದ ಕೂಲಿ ತಪ್ಪುತ್ತದೆ. ಇಂಥವರ ಕಿವಿಗೆ ‘ಲಸಿಕೆ ಬಂತು’ ಅನ್ನೋ ಮಾತು ಎಷ್ಟು ಹಿತವಾಗಿರುತ್ತದೆ ಯೋಚಿಸಿ. ಮಗ ಫೋನಿನಲ್ಲಿ ತೋರಿಸಿದ್ದು ತಲೆಬರಹ ಮಾತ್ರ. ಒಳಗಿನ ಸುದ್ದಿಯನ್ನು ಮನೆಯಲ್ಲಿ ಯಾರೂ ಓದಿರಲಿಲ್ಲ.

ತಪ್ಪು ಅವರದ್ದಲ್ಲ. ನಮ್ಮಲ್ಲಿ ಲಸಿಕೆ ಅಂದರೆ ಕಾಯಿಲೆ ಬರದ ಹಾಗೆ ಮೊದಲೇ ಹಾಕಿಸಿಕೊಳ್ಳುವುದು. ಪೋಲಿಯೊ, ದಡಾರ, ಕೊರೊನಾ ಎಲ್ಲವೂ ಹಾಗೆಯೇ. ಈಗ ಜಾಸ್ತಿ ಸುದ್ದಿಯಲ್ಲಿರುವುದು ಬೇರೆಯದು. ಕ್ಯಾನ್ಸರ್ ಬಂದು, ಗಡ್ಡೆ ತೆಗೆಸಿಕೊಂಡವರಿಗೆ ಅದು ಮತ್ತೆ ಬರದಿರಲಿ ಎಂದು ಕೊಡುವ ಚಿಕಿತ್ಸೆ ಅದು. ಒಬ್ಬೊಬ್ಬ ರೋಗಿಗೂ ಬೇರೆ ಬೇರೆಯಾಗಿ ತಯಾರಿಸಬೇಕು.

ಅವರಿಗೆ ಜಗಲಿಯಲ್ಲಿ ಕೂರಿಸಿ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ತೆಗೆದ ಗಡ್ಡೆಯ ಜೀನುಗಳನ್ನು ಲ್ಯಾಬಿನಲ್ಲಿ ಓದುತ್ತಾರೆ. ಅದೇ ರೋಗಿಯ ಒಳ್ಳೆಯ ಜೀವಕೋಶಕ್ಕೂ ಗಡ್ಡೆಗೂ ಎಲ್ಲೆಲ್ಲಿ ವ್ಯತ್ಯಾಸ ಇದೆ ಎಂದು ಹುಡುಕುತ್ತಾರೆ. ಕಳ್ಳನನ್ನು ಹಿಡಿಯಲು ಆ ವ್ಯತ್ಯಾಸಗಳೇ ಗುರುತು. ಅವನ್ನು ಆರ್‌ಎನ್‌ಎ ಎಂಬ ಚೀಟಿಯಲ್ಲಿ ಬರೆದು ಮೈಗೆ ಕಳಿಸುತ್ತಾರೆ. ನಮ್ಮ ಜೀವಕೋಶ ಚೀಟಿ ಓದಿ, ಅದರಲ್ಲಿ ಹೇಳಿದ ಪ್ರೋಟೀನ್ ತುಣುಕನ್ನು ತಾನೇ ತಯಾರಿಸುತ್ತದೆ. ಅದನ್ನು ನೋಡಿದ ಟಿ ಕೋಶಗಳು, ಅಂದರೆ ಮೈ ಕಾಯುವ ಒಂದು ಬಗೆಯ ಬಿಳಿ ರಕ್ತಕಣಗಳು, ಅದೇ ಗುರುತಿರುವ ಕ್ಯಾನ್ಸರ್ ಕೋಶಗಳನ್ನು ಹುಡುಕಿ ಕೊಲ್ಲಲು ಕಲಿಯುತ್ತವೆ.

ಆದರೆ ಈ ಚೀಟಿ ಬಲು ನಾಜೂಕು. ಬರೀ ಆರ್‌ಎನ್‌ಎ ಚುಚ್ಚಿದರೆ ಮೈಯೊಳಗಿನ ಕಿಣ್ವಗಳು ಬೇಗನೆ ಚೂರು ಚೂರು ಮಾಡಿಬಿಡುತ್ತವೆ. ನಮ್ಮ ಕಡೆ ಆಷಾಢದ ಮಳೆಯಲ್ಲಿ ರೇಷನ್ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಹೋಗುತ್ತೇವಲ್ಲ, ಹಾಗೆ ಇದಕ್ಕೆ ಕೊಬ್ಬಿನ ಹೊದಿಕೆ ಹಾಕುತ್ತಾರೆ. ಅದೇ ನ್ಯಾನೊಕಣ. ಒಂದೊಂದು ಕಣವೂ ಸುಮಾರು 100 ನ್ಯಾನೊಮೀಟರ್, ಅಂದರೆ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲು. ಜೀವಕೋಶ ಆ ಕಣವನ್ನು ನುಂಗಿ ಒಂದು ಪುಟ್ಟ ಚೀಲದೊಳಗೆ ಇಟ್ಟುಕೊಳ್ಳುತ್ತದೆ. ಆ ಚೀಲದ ಒಳಗೆ ಹುಳಿ ಇರುತ್ತದೆ. ಹುಳಿ ತಾಗಿದಾಗ ಕೊಬ್ಬಿಗೆ ಧನ ವಿದ್ಯುತ್ ಬಂದು, ಚೀಲದ ಪೊರೆ ಸಡಿಲವಾಗಿ, ಆರ್‌ಎನ್‌ಎ ಹೊರಗೆ ಬೀಳುತ್ತದೆ. ಹಾಗೆ ಹೊರಬೀಳುವುದು ಕೂಡ ಸ್ವಲ್ಪ ಪಾಲು ಮಾತ್ರ. ಆ ಪಾಲನ್ನು ಹೆಚ್ಚಿಸಲು ವಿಜ್ಞಾನಿಗಳು ಇನ್ನೂ ಒದ್ದಾಡುತ್ತಿದ್ದಾರೆ. ಇದನ್ನು ಓದಿದಾಗಲೆಲ್ಲ ನನಗೆ ಮತ್ತೆ ತರಗತಿಗೆ ಹೋಗಿ ಮಕ್ಕಳಿಗೆ ಹೇಳಬೇಕು ಅನ್ನಿಸುತ್ತದೆ. ಹೊರಗಿಂದ ಬಂದ ಆರ್‌ಎನ್‌ಎಯನ್ನು ಕಂಡು ಮೈ ಉರಿದೇಳದ ಹಾಗೆ ಅದನ್ನು ಮಾರ್ಪಡಿಸುವ ದಾರಿಯನ್ನು 2005ರಲ್ಲಿ ತೋರಿಸಿದವರು ಕ್ಯಾಟಲಿನ್ ಕರಿಕೊ ಮತ್ತು ಡ್ರೂ ವೈಸ್‌ಮನ್. ನೊಬೆಲ್ ಸಿಕ್ಕಿದ್ದು 2023ರಲ್ಲಿ. ಅಷ್ಟು ತಾಳ್ಮೆಯ ಕೆಲಸ ಇದು.

ಹಾಗಾದರೆ ಫಲ ಸಿಕ್ಕಿದೆಯೇ? ಸಿಕ್ಕಿದೆ. ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಇದ್ದ 157 ಜನರ ಮೇಲೆ ಮಾಡೆರ್ನಾ ಮತ್ತು ಮರ್ಕ್ ಕಂಪನಿಗಳು ಪ್ರಯೋಗ ಮಾಡಿದವು. ಎಲ್ಲರಿಗೂ ಗಡ್ಡೆ ತೆಗೆದಾಗಿತ್ತು. ಟಿ ಕೋಶಗಳ ಬ್ರೇಕ್ ಬಿಡಿಸುವ ಪೆಂಬ್ರೊಲಿಜುಮ್ಯಾಬ್ ಔಷಧಿಯನ್ನು ಮಾತ್ರ ಪಡೆದವರಿಗೆ ಹೋಲಿಸಿದರೆ, ಜೊತೆಗೆ ಆರ್‌ಎನ್‌ಎ ಚುಚ್ಚುಮದ್ದನ್ನೂ ಪಡೆದವರಲ್ಲಿ ಕ್ಯಾನ್ಸರ್ ಮರಳುವ ಅಥವಾ ಸಾವಿನ ಅಪಾಯ ಶೇ 44ರಷ್ಟು ಕಡಿಮೆ ಇತ್ತು. ನ್ಯೂಯಾರ್ಕಿನಲ್ಲಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಇದ್ದ 16 ಜನರಿಗೆ ಇಂಥದ್ದೇ ಚುಚ್ಚುಮದ್ದು ಕೊಟ್ಟರು. 8 ಜನರ ಟಿ ಕೋಶಗಳು ಎಚ್ಚೆತ್ತವು. ಆದರೆ ದಯವಿಟ್ಟು ಗಮನಿಸಿ, ಆ ಪ್ರಯೋಗದಲ್ಲಿ ಆಪರೇಷನ್ನೂ ಇತ್ತು, ಕೀಮೋವೂ ಇತ್ತು. ನಮ್ಮ ಪಕ್ಕದ ಮನೆಯಾಕೆಗೆ ನಾನು ಎರಡು ಸಲ ಹೇಳಿದ್ದು ಇದೊಂದನ್ನೇ. ಅಲ್ಲಿ ಕೀಮೋ ಬದಲಿಗೆ ಎಂದು ಈ ‘ಲಸಿಕೆ’ ಕೊಟ್ಟಿಲ್ಲ.

ಇನ್ನೊಂದು ಗೊಂದಲವೂ ಇದೆ. ಕ್ಯಾನ್ಸರ್ ಬರದ ಹಾಗೆ ತಡೆಯುವ ನಿಜವಾದ ಲಸಿಕೆ ನಮ್ಮಲ್ಲೇ ಇದೆ. ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಅದು. ಪುಣೆಯ ಸೀರಂ ಸಂಸ್ಥೆಯೂ ಸರ್ವಾವ್ಯಾಕ್ ಹೆಸರಿನಲ್ಲಿ ತಯಾರಿಸುತ್ತದೆ. 9ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಹಾಕಿಸಬೇಕು. ಎರಡಕ್ಕೂ ಒಂದೇ ಹೆಸರು ಇಟ್ಟರೆ ತಾಯಂದಿರು ಯಾವುದನ್ನು ಯಾವುದು ಅಂದುಕೊಳ್ಳಬೇಕು?

ಹಾಗಾಗಿ ನಿಮ್ಮಲ್ಲಿ ಒಂದು ಕೋರಿಕೆ. ಇಂಥ ಸುದ್ದಿ ಬಂದಾಗ ‘ಲಸಿಕೆ’ ಬದಲು ‘ಆರ್‌ಎನ್‌ಎ ಚಿಕಿತ್ಸೆ’ ಎಂದು ಬರೆಯಿರಿ. ಯಾವ ಕ್ಯಾನ್ಸರ್, ಎಷ್ಟು ಜನರ ಮೇಲೆ ಪ್ರಯೋಗ, ಯಾವ ಚಿಕಿತ್ಸೆಯ ಜೊತೆಗೆ ಎಂಬುದನ್ನು ತಲೆಬರಹದ ಕೆಳಗೇ ಹಾಕಿ. ನಡೆಯುತ್ತಿರುವ ಚಿಕಿತ್ಸೆಯನ್ನು ಡಾಕ್ಟರನ್ನು ಕೇಳದೆ ನಿಲ್ಲಿಸಬಾರದು ಎಂಬ ಒಂದು ಸಾಲೂ ಇರಲಿ.

ಪಕ್ಕದ ಮನೆಯಾಕೆಗೆ ಮುಂದಿನ ಸೋಮವಾರ ನಾಲ್ಕನೆಯ ಕೀಮೋ. ಹೋಗುತ್ತೇನೆ ಎಂದಿದ್ದಾರೆ. ಅವರು ಬಸ್ ಹತ್ತುವ ಮೊದಲು ಈ ಪತ್ರ ಅಚ್ಚಾದರೆ ಅವರ ಮಗನ ಕೈಗೆ ಕೊಡಬೇಕೆಂದಿದ್ದೇನೆ.

— ನಿವೃತ್ತ ವಿಜ್ಞಾನ ಶಿಕ್ಷಕಿ, ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ