ಬಣ್ಣ ಆರಿಸಿಕೊಡಲು ದುಡ್ಡು ತೆಗೆದುಕೊಂಡಿರಿ, ಕೋಣೆಯನ್ನು ಮಾತ್ರ ನೋಡಲೇ ಇಲ್ಲ

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: ಮಡಿಕೇರಿಯ ನಮ್ಮ ಮನೆಯ ಹಾಲ್‌ನಲ್ಲಿ ಬಾಗಿಲು-ಕಿಟಕಿ ಚೌಕಟ್ಟು, ಸ್ಕರ್ಟಿಂಗ್ (ಗೋಡೆಯ ಬುಡದ ಪಟ್ಟಿ) ಮತ್ತು ಫೈರ್‌ಪ್ಲೇಸ್‌ಗೆ ನೀವು ಆರಿಸಿ ಹಚ್ಚಿದ ಬಣ್ಣದ ಬಗ್ಗೆ ದೂರು

ಮಾನ್ಯರೇ,

ಇದೇ ವಿಷಯವನ್ನು ಫೋನಿನಲ್ಲಿ ನಾಲ್ಕು ಸಲ ಹೇಳಿದ್ದೇನೆ. ಪ್ರತಿ ಸಲವೂ ಬೇರೆ ಯಾರೋ ಎತ್ತುತ್ತಾರೆ, ಮೊದಲಿನಿಂದ ಎಲ್ಲ ಕೇಳುತ್ತಾರೆ, ಒಂದು ನಂಬರ್ ಕೊಡುತ್ತಾರೆ, ಎರಡು ದಿನ ಬಿಟ್ಟು "ನಿಮ್ಮ ಸಮಸ್ಯೆ ಬಗೆಹರಿದಿದೆ" ಅಂತ ಮೆಸೇಜ್ ಬರುತ್ತದೆ. ಏನೂ ಬಗೆಹರಿದಿಲ್ಲ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದಿ.

ನಮ್ಮದು ಹಳೆಯ ಹಂಚಿನ ಮನೆ. ಹಾಲ್‌ನಲ್ಲಿ ಕೆಂಪು ಗಾರೆ ನೆಲ. ಪಶ್ಚಿಮಕ್ಕೆ ಎರಡು ಕಿಟಕಿ, ಅದರಾಚೆ ಸಾಲಾಗಿ ಸಿಲ್ವರ್ ಓಕ್ ಮರಗಳು. ಗೋಡೆಗೆ ಕೆನೆ ಬಣ್ಣ. ಒಂದು ಬದಿಯಲ್ಲಿ ಸುಟ್ಟ ಇಟ್ಟಿಗೆಯ ಫೈರ್‌ಪ್ಲೇಸ್, ನಮ್ಮ ಮಾವ ನಿಂತು ಕಟ್ಟಿಸಿದ್ದು. ಅದು ಅಂದಕ್ಕೆ ಇಟ್ಟಿರುವ ವಸ್ತುವಲ್ಲ. ಮಳೆಗಾಲ ಶುರುವಾದರೆ ಜನವರಿಯ ಚಳಿ ಮುಗಿಯುವವರೆಗೂ ಸಂಜೆ ಆಯಿತೆಂದರೆ ಕಾಫಿ ಗಿಡದ ಒಣ ಬೊಡ್ಡೆ ಹಾಕಿ ಬೆಂಕಿ ಮಾಡುತ್ತೇವೆ, ಊಟದವರೆಗೂ ಮನೆಯವರೆಲ್ಲ ಅದರ ಮುಂದೆಯೇ ಕೂರುತ್ತೇವೆ. ಮೊದಲ ಕರೆಯಲ್ಲೇ ಇದನ್ನು ನಿಮ್ಮವರಿಗೆ ಹೇಳಿದ್ದೆ. "ನೋಟ್ ಮಾಡಿಕೊಂಡೆವು ಮೇಡಂ" ಅಂದಿದ್ದರು.

ನಿಮ್ಮಲ್ಲಿಗೆ ಬಂದದ್ದೇ ಬಣ್ಣ ಆರಿಸುವುದು ನಮಗೆ ಗೊತ್ತಾಗಲಿಲ್ಲ ಅಂತ. ಹಚ್ಚುವವರು ನಮ್ಮ ಊರಿನಲ್ಲೇ ಇದ್ದಾರೆ. ಬಣ್ಣ ಆರಿಸಿಕೊಡುವುದಕ್ಕೆಂದೇ ನೀವು ಬೇರೆಯಾಗಿ 4,500 ರೂಪಾಯಿ ತೆಗೆದುಕೊಂಡಿರಿ. ಆ ದುಡ್ಡಿಗೆ ಆದದ್ದು ಇಷ್ಟು: ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ನಾನು ಮೊಬೈಲಿನಲ್ಲಿ ತೆಗೆದ ಮೂರು ಫೋಟೋ ಕೇಳಿದಿರಿ, ಕಂಪ್ಯೂಟರಿನಲ್ಲಿ ಅದರ ಮೇಲೆ ಬಣ್ಣ ತುಂಬಿ ವಾಪಸ್ ಕಳಿಸಿದಿರಿ. ಚೌಕಟ್ಟು, ಸ್ಕರ್ಟಿಂಗ್, ಸೂರಿನ ಕೆಳಗಿನ ಮರದ ಪಟ್ಟಿ ಎಲ್ಲಕ್ಕೂ ನೀಲಿ ಛಾಯೆಯ ಬಿಳಿ. ಫೈರ್‌ಪ್ಲೇಸ್‌ಗೆ ಇದ್ದಿಲ ಬಣ್ಣ. ಚಿತ್ರದಲ್ಲಿ ಚೆನ್ನಾಗಿಯೇ ಇತ್ತು, ಇಲ್ಲ ಅನ್ನುವುದಿಲ್ಲ. ಆದರೂ ನಾನು ಕೇಳಿದೆ, ಒಂದು ಚಿಕ್ಕ ಡಬ್ಬಿ ತಂದು ಒಂದು ಮೂಲೆಯಲ್ಲಿ ಹಚ್ಚಿ ನೋಡೋಣವೇ ಅಂತ. ಬೇಕಾಗಿಲ್ಲ, ಸಾಫ್ಟ್‌ವೇರ್‌ನಲ್ಲೇ ಎಲ್ಲ ಗೊತ್ತಾಗುತ್ತದೆ ಅಂದರು. ನಿಮ್ಮ ಕಡೆಯ ಒಬ್ಬರೂ ಬಣ್ಣ ನಿಶ್ಚಯ ಮಾಡುವ ಮುಂಚೆ ನಮ್ಮ ಹಾಲ್‌ನಲ್ಲಿ ಕಾಲಿಡಲಿಲ್ಲ. ನನ್ನ ದೂರಿನ ಮೂಲ ಇದೇ.

ಈಗ ಆ ಬಿಳಿ ಬಣ್ಣ ಹೇಗಿದೆ ಹೇಳುತ್ತೇನೆ. ಸ್ಕರ್ಟಿಂಗ್ ಹಗಲಿನಲ್ಲಿ ತಿಳಿ ನೇರಳೆಯಾಗಿ ಕಾಣುತ್ತದೆ. ಕಿಟಕಿಯ ಚೌಕಟ್ಟು ಹಸಿರು ಕಲಸಿದ ಬೂದಿಯ ಹಾಗೆ. ಎಲ್ಲಕ್ಕಿಂತ ಬೇಜಾರಿನ ಸಂಗತಿ ಎಂದರೆ ನಮ್ಮ ಕೆನೆ ಬಣ್ಣದ ಗೋಡೆ, ಹೋದ ವರ್ಷವಷ್ಟೇ ಬಳಿಸಿದ್ದು, ಅದರ ಪಕ್ಕದಲ್ಲಿ ಹಳತಾಗಿ ಕೊಳೆ ಹಿಡಿದ ಹಾಗೆ ಕಾಣುತ್ತಿದೆ. ಬಂದವರು "ಗೋಡೆಗೆ ಯಾವಾಗ ಬಣ್ಣ ಹೊಡೆಸ್ತೀರಿ" ಅಂತ ಕೇಳುತ್ತಾರೆ.

ನಾನು ನಮ್ಮ ಊರಿನ ಹಿರಿಯ ಪೇಂಟರ್ ಒಬ್ಬರನ್ನು ಕರೆಸಿದೆ. ಅವರು ಬಾಗಿಲಲ್ಲಿ ನಿಂತು ಒಂದು ನಿಮಿಷ ನೋಡಿದರು ಅಷ್ಟೇ. "ನೆಲದ ಕೆಂಪು ಮೇಲೆ ಹೊಡೀತದೆ ಅಕ್ಕ, ಇಂಥ ಹಾಲಿಗೆ ನೀಲಿ ಬಿಳಿ ಹಾಕಬಾರದು" ಅಂದರು. ಕೆಂಪು ನೆಲದ ಮೇಲೆ ಬಿದ್ದ ಬೆಳಕು ಕೆಂಪಾಗಿಯೇ ಮೇಲೇಳುತ್ತದೆ, ನೀಲಿ ಛಾಯೆಯ ಬಿಳಿಗೆ ಅದು ತಾಗಿದರೆ ನೇರಳೆ ಆಗದೆ ಇನ್ನೇನಾಗುತ್ತದೆ? ಕಿಟಕಿಯಿಂದ ಬರುವ ಬೆಳಕು ಮರದ ಎಲೆಗಳನ್ನು ದಾಟಿ ಬರುತ್ತದೆ, ಅದು ಹಸಿರು. ರಾತ್ರಿ ನಾವು ಹಾಕುವುದು 2,700 ಕೆಲ್ವಿನ್‌ನ (ಕೆಲ್ವಿನ್ ಅಂದರೆ ದೀಪದ ಬೆಳಕಿನ ಬಣ್ಣದ ಅಳತೆ) ಹಳದಿ ಬಲ್ಬ್. 6,500 ಕೆಲ್ವಿನ್‌ನ ಬಿಳಿ ದೀಪದ ಕೆಳಗೆ ಒಂದೇ ಥರ ಕಾಣುವ ಎರಡು ಬಣ್ಣಗಳು ಹಳದಿ ದೀಪದ ಕೆಳಗೆ ಬೇರೆ ಬೇರೆ ಕಾಣಬಹುದು. ಇದು ನಿಮ್ಮ ಕಸುಬಿನ ಮೊದಲ ಪಾಠ ಅಲ್ವಾ? ಆ ಪೇಂಟರ್ ಎರಡು ಹಲಗೆ ತುಂಡಿಗೆ ಎರಡು ಬಗೆಯ ಕೆನೆಬಿಳಿ ಹಚ್ಚಿ ಕೊಟ್ಟು ಹೋದರು. ಮೂರು ದಿನ ನಾನು ಅವನ್ನು ಸ್ಕರ್ಟಿಂಗ್‌ಗೆ ಒರಗಿಸಿ, ಕಿಟಕಿ ಪಕ್ಕ ಇಟ್ಟು, ಬೆಳಿಗ್ಗೆ, ಮೋಡ ಕವಿದಾಗ, ದೀಪ ಹಾಕಿದಾಗ ನೋಡಿದೆ. ಒಂದು ತುಂಡು ಎಲ್ಲ ಕಡೆಯೂ ಹೊಂದಿಕೊಂಡಿತು. ಹಲಗೆ ತುಂಡಿನಲ್ಲಿ ಆಗುವ ಕೆಲಸ ಇದು.

ಫೈರ್‌ಪ್ಲೇಸ್‌ನ ಕಥೆ ಇದಕ್ಕಿಂತ ಕೆಟ್ಟದ್ದು. ಜೂನ್ ಕೊನೆಯಲ್ಲಿ ಮೊದಲ ಸಲ ಬೆಂಕಿ ಹಾಕಿದೆವು. ಕಾಲು ಗಂಟೆಯಲ್ಲಿ ಪ್ಲಾಸ್ಟಿಕ್ ಸುಟ್ಟ ಹಾಗೆ ವಾಸನೆ ಶುರುವಾಯಿತು. ಒಳಗಿನ ಗೂಡಿನ ಬಣ್ಣ ಗುಳ್ಳೆ ಎದ್ದು, ಚಕ್ಕೆ ಚಕ್ಕೆಯಾಗಿ ಬೆಂಕಿಗೆ ಬಿತ್ತು. ಅತ್ತೆಗೆ ಉಬ್ಬಸ ಇದೆ. ಅವರನ್ನು ಎಬ್ಬಿಸಿಕೊಂಡು ಒಳಗಿನ ಕೋಣೆಗೆ ಹೋದೆವು, ಆ ಮಳೆಯಲ್ಲಿ ಕಿಟಕಿ ಬಾಗಿಲೆಲ್ಲ ತೆಗೆದು ಕೂತೆವು. ಆಮೇಲೆ ಬಿಲ್ ತೆಗೆದು ನೋಡಿದರೆ ಗೂಡಿನ ಒಳಗೂ ಹೊರಗೂ ಒಂದೇ ಪೇಂಟ್, ಗೋಡೆಗೆ ಹಚ್ಚುವ ಸಾಮಾನ್ಯ ಎಮಲ್ಷನ್. ಬೆಂಕಿ ಉರಿಯುವ ಜಾಗಕ್ಕೆ ಅದನ್ನು ಯಾರಾದರೂ ಹಚ್ಚುತ್ತಾರೆಯೇ? 600 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾವು ತಡೆಯುವ ಪೇಂಟ್ ಪೇಟೆಯಲ್ಲಿ ಬೇರೆಯೇ ಸಿಗುತ್ತದೆ. ಅದೂ ಬೇಕಿರಲಿಲ್ಲ. ಒಳಗನ್ನು ಹಾಗೆಯೇ ಬಿಟ್ಟಿದ್ದರೆ ಸಾಕಿತ್ತು, ಇಷ್ಟು ವರ್ಷ ಹಾಗೇ ಇತ್ತು.

ಹೊರಮುಖದ ಇಟ್ಟಿಗೆಯಲ್ಲಿ ಹಳೆಯ ಮಸಿ ಇತ್ತು. ಅದನ್ನು ತೊಳೆದು, ಕಲೆ ಮೇಲೆ ಬಾರದ ಹಾಗೆ ತಡೆಯುವ ಪ್ರೈಮರ್ ಕೊಟ್ಟು ಆಮೇಲೆ ಬಣ್ಣ ಹಚ್ಚಬೇಕು. ನಿಮ್ಮವರು ಬಟ್ಟೆಯಲ್ಲಿ ಒರೆಸಿ ನೇರವಾಗಿ ಎರಡು ಕೋಟ್ ಹೊಡೆದರು. ಈಗ ಫೈರ್‌ಪ್ಲೇಸ್ ಮೇಲಿನ ಹಲಗೆಯ ಕೆಳಗೆ ಉದ್ದಕ್ಕೂ ಕಂದು ಕಲೆ ಇಳಿದಿದೆ. ಇನ್ನು ಬಣ್ಣದ ವಿಚಾರ. ಮಳೆಗಾಲದಲ್ಲಿ ನಮ್ಮ ಹಾಲ್‌ಗೆ ಮಧ್ಯಾಹ್ನವೂ ದೀಪ ಬೇಕು. ಬಣ್ಣ ಎಷ್ಟು ಬೆಳಕನ್ನು ವಾಪಸ್ ಕೊಡುತ್ತದೆ ಅನ್ನುವುದಕ್ಕೆ 0ಯಿಂದ 100ರವರೆಗೆ ಅಳತೆ ಇದೆ, ಕಪ್ಪು 0, ಬಿಳಿ 100. ಇಂಥ ಕತ್ತಲ ಕೋಣೆಯ ಅಷ್ಟು ದೊಡ್ಡ ಭಾಗಕ್ಕೆ ಆ ಅಳತೆಯ ಕೆಳತುದಿಯ ಬಣ್ಣ ಆರಿಸಿದ್ದೀರಿ. ಕೋಣೆಯಲ್ಲಿ ಒಂದು ದೊಡ್ಡ ಬಿಲ ಇದ್ದ ಹಾಗಿದೆ.

ಚೌಕಟ್ಟಿನ ಬಣ್ಣವನ್ನು ಮತ್ತೆ ಉಜ್ಜಿ ಬದಲಾಯಿಸಬಹುದು. ಇಟ್ಟಿಗೆಯದ್ದು ಹಾಗಲ್ಲ. ಇಟ್ಟಿಗೆಯ ಸಣ್ಣ ಸಣ್ಣ ತೂತುಗಳಿಗೆಲ್ಲ ಬಣ್ಣ ಇಳಿದಿರುತ್ತದೆ. ಮರಳು ಹಾಯಿಸಿ ತೆಗೆದರೆ ಹಳೆ ಇಟ್ಟಿಗೆಯ ಮೈಯೇ ಕಿತ್ತು ಬರುತ್ತದೆ. ಬಣ್ಣ ಬೇಕೇ ಬೇಕಿದ್ದರೆ ತೆಳುವಾಗಿ ಸುಣ್ಣ ಬಳಿಯಬಹುದಿತ್ತು, ಇಟ್ಟಿಗೆ ಉಸಿರಾಡುತ್ತಿತ್ತು. ಒಮ್ಮೆ ಹಚ್ಚಿದರೆ ಮತ್ತೆ ಮೊದಲಿನ ಹಾಗೆ ಮಾಡುವುದು ಕಷ್ಟ ಅಂತ ಯಾರೂ ಒಂದು ಮಾತು ಹೇಳಲಿಲ್ಲ. ಹೇಳಿದ್ದರೆ ನಾನು ಖಂಡಿತ ಬೇಡ ಅನ್ನುತ್ತಿದ್ದೆ. ಅತ್ತೆ ಈಗ ಆ ಕಡೆ ಬೆನ್ನು ಹಾಕಿ ಕೂರುತ್ತಾರೆ. ಏನೂ ಹೇಳುವುದಿಲ್ಲ. ನನಗೆ ಅದೇ ಜಾಸ್ತಿ ನೋವು.

ಇನ್ನೊಂದನ್ನು ಬಿಡುವ ಹಾಗಿಲ್ಲ. ಚೌಕಟ್ಟಿನ ಹಳೆಯ ಬಣ್ಣವನ್ನು ನಿಮ್ಮ ಕೆಲಸಗಾರರು ಮೆಷಿನ್ ಹಿಡಿದು ಒಣಗಿದ ಹಾಗೇ ಉಜ್ಜಿದರು. ಮನೆಯಲ್ಲಿ ನಾಲ್ಕು ವರ್ಷದ ಮಗು ಇತ್ತು. ಮನೆಬಳಕೆಯ ಪೇಂಟಿನಲ್ಲಿ ಸೀಸ 90 ಪಿಪಿಎಂಗಿಂತ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಜಾಸ್ತಿ ಇರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಆ ಚೌಕಟ್ಟಿನ ಬಣ್ಣದ ಪದರಗಳು ಅದಕ್ಕಿಂತ ಎಷ್ಟೋ ಹಳೆಯವು. ಅದರಲ್ಲಿ ಸೀಸ ಇತ್ತು ಅಂತ ನಾನು ಹೇಳುತ್ತಿಲ್ಲ. ಯಾರೂ ಪರೀಕ್ಷೆ ಮಾಡಲಿಲ್ಲ, ಇದ್ದಿರಬಹುದು ಅಂತ ಯೋಚಿಸಲೂ ಇಲ್ಲ. ನೀರು ಹಾಕಿ ಉಜ್ಜಿ, ಮಗುವನ್ನು ಹೊರಗಿಡಿ ಅನ್ನಲು ಎಷ್ಟು ಹೊತ್ತು ಬೇಕಿತ್ತು? ಆ ಕೆಲಸಗಾರರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೂ ನೀವು ಮಾಸ್ಕ್ ಕೊಟ್ಟಿರಲಿಲ್ಲ.

ನನಗೆ ಬೇಕಾದದ್ದು ಸ್ಪಷ್ಟವಾಗಿದೆ. ಬಣ್ಣ ಆರಿಸಲು ತೆಗೆದುಕೊಂಡ 4,500 ರೂಪಾಯಿ ಪೂರ್ತಿ ವಾಪಸ್ ಬೇಕು. ಫೈರ್‌ಪ್ಲೇಸ್ ಒಳಗೂಡಿನ ಬಣ್ಣವನ್ನು ಇಟ್ಟಿಗೆಗೆ ಪೆಟ್ಟಾಗದ ಹಾಗೆ ತೆಗೆಯಬೇಕು, ಹೊರಮುಖದ್ದಕ್ಕೆ ಏನು ಮಾಡಲು ಸಾಧ್ಯ ಅಂತ ಇಟ್ಟಿಗೆ ಕೆಲಸ ಬಲ್ಲವರಿಂದ ಬರೆಸಿ ಕೊಡಬೇಕು, ಆ ಖರ್ಚು ನಿಮ್ಮದು. ಚೌಕಟ್ಟು, ಸ್ಕರ್ಟಿಂಗ್ ಮಳೆ ನಿಂತು ಮರ ಒಣಗಿದ ಮೇಲೆ ಮತ್ತೆ ಮಾಡಿಸಬೇಕು, ನಾನು ಆರಿಸಿದ ಕೆನೆಬಿಳಿಯಲ್ಲಿ. "ಮುಂದಿನ ಪೇಂಟಿಂಗ್‌ಗೆ ಶೇಕಡಾ 15 ರಿಯಾಯಿತಿ" ಅಂತ ಕಳಿಸಿದಿರಲ್ಲ, ಅದು ಬೇಡ.

15 ದಿನದಲ್ಲಿ ಬರಹದಲ್ಲಿ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ನಾನು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ನಿಮ್ಮ ಆಫೀಸ್ ಇರುವ ಊರಿಗೆ ಬರಬೇಕಾಗಿಲ್ಲ. ಬಿಲ್, ನೀವು ಕಳಿಸಿದ ಚಿತ್ರ, ಕೆಲಸ ಮುಗಿದ ಮೇಲಿನ ಫೋಟೋಗಳು, ಉದುರಿದ ಬಣ್ಣದ ಚಕ್ಕೆ ಎಲ್ಲ ಎತ್ತಿಟ್ಟಿದ್ದೇನೆ.

ಈ ಸಲ ಫೋಟೋ ಕೇಳಬೇಡಿ. ಬಣ್ಣ ಗೊತ್ತಿರುವ ಒಬ್ಬರನ್ನು ಮನೆಗೇ ಕಳಿಸಿ. ಬೆಳಿಗ್ಗೆ ಬಂದು ಸಂಜೆ ನಾವು ದೀಪ ಹಾಕುವವರೆಗೂ ಹಾಲ್‌ನಲ್ಲಿ ಕೂತು ನೋಡಲಿ. ಊಟ, ಕಾಫಿ ನಮ್ಮಲ್ಲೇ ಆಗುತ್ತದೆ.

ಇಂತಿ,
ನಿಮ್ಮ ಗ್ರಾಹಕಿ
ಮಡಿಕೇರಿ