ದುಬೈಯ ‘ಹಿಂದಿ’ಗೆ, ಮಂಗಳೂರಿನ ಕದ್ರಿಯಿಂದ

ಪ್ರಿಯ ಗೆಳೆಯಾ,

18 ವರ್ಷ ಒಂದೇ ಗೋದಾಮಿನಲ್ಲಿ ದುಡಿದರೂ ಅಲ್ಲಿಯವರು ನಿನ್ನನ್ನು ಹೆಸರು ಬಿಟ್ಟು ಇನ್ನೂ ‘ಹಿಂದಿ’ (ಅರಬಿಯಲ್ಲಿ ಭಾರತದವನು) ಎಂದೇ ಕೂಗುತ್ತಾರೆಂದು ನೀನು ಬರೆದದ್ದನ್ನು ಓದಿ ನನಗೆ ಸಿಟ್ಟು ಬಂತು. ಆ ಸಿಟ್ಟು ಇಳಿಯುವ ಮೊದಲೇ ಬಾಲ್ಕನಿಯಿಂದ ಬಗ್ಗಿ, “ಬಹಾದೂರ್, ಪಂಪು ಬಂದ್ ಮಾಡು” ಎಂದು ಕೂಗಿದ್ದೆ.

ನಮ್ಮ ಫ್ಲ್ಯಾಟಿನ ವಾಚ್‌ಮ್ಯಾನ್ ನೇಪಾಳದ ಪಶ್ಚಿಮ ತುದಿಯ ಅಛಾಮ್ ಜಿಲ್ಲೆಯವನು. 1950ರ ಭಾರತ–ನೇಪಾಳ ಒಪ್ಪಂದದ ದೆಸೆಯಿಂದ ಅವನಿಗೆ ವೀಸಾ ಬೇಡ, ನಿನ್ನ ಹಾಗೆ ಕಫೀಲನ (ವೀಸಾ ಕೊಡಿಸುವ ಮಾಲೀಕನ) ಹಂಗಿಲ್ಲ, ಕೆಲಸ ಹೋದರೆ ದೇಶ ಬಿಡಬೇಕೆಂಬ ಭಯವೂ ಇಲ್ಲ. ಹೊಲದ ಬೆಳೆ ವರ್ಷದ ಅರ್ಧಕ್ಕೂ ಸಾಲದೆ, ಗಲ್ಫಿಗೋ ಮಲೇಷ್ಯಾಕ್ಕೋ ಕಳುಹಿಸುವ ಏಜೆಂಟನಿಗೆ ಕೊಡಲು ಹಣವೂ ಹುಟ್ಟದೆ, ಮೊದಲೇ ಇಲ್ಲಿದ್ದ ಭಾವನ ಬೆನ್ನು ಹಿಡಿದು ಬಂದನಂತೆ. ಗಲ್ಫಿಗೆ ಹೋಗಲು ಗತಿಯಿಲ್ಲದವರ ಗಲ್ಫು ನಾವು, ನೋಡು. ನೀನಾದರೂ 2006ರಲ್ಲಿ ಬಜ್ಪೆಯಿಂದ ದುಬೈಗೆ ನೇರ ವಿಮಾನ ಶುರುವಾದ ಹೊಸತರಲ್ಲಿ, ಅಕ್ಕನ ಮದುವೆಯ ಸಾಲ ತೀರಿಸಿ ಬರುತ್ತೇನೆಂದು ಹೊರಟವನು.

ಇದನ್ನು ಬರೆಯಬಾರದೆಂದುಕೊಂಡಿದ್ದೆ. ಕಳೆದ ಆಟಿ ತಿಂಗಳಲ್ಲಿ ಮೂರನೇ ಮಹಡಿಯವರ ಗ್ಯಾಸ್ ಸಿಲಿಂಡರ್ ಕಾಣೆಯಾದಾಗ “ಅವನ ಕೋಣೆಯನ್ನೊಮ್ಮೆ ನೋಡೋಣ” ಎಂದು ಮೊದಲು ಬಾಯಿ ಬಿಟ್ಟವನು ನಾನು. ಮೆಟ್ಟಿಲ ಕೆಳಗಿನ ಆ ಕೋಣೆಯಲ್ಲಿ ಕಾಲು ಚಾಚಿದರೆ ಗೋಡೆ ತಾಗುತ್ತದೆ. ಮೊಳೆಗೆ ತೂಗುಹಾಕಿದ ಒದ್ದೆ ಸಮವಸ್ತ್ರ, ಒಂದು ಒಲೆ, ಒಂದು ತಗಡಿನ ಪೆಟ್ಟಿಗೆ. ನಾವು ಕೇಳುವ ಮೊದಲೇ ಅವನು ಪೆಟ್ಟಿಗೆಯ ಮುಚ್ಚಳ ತೆರೆದು ಗೋಡೆಗೆ ಒತ್ತಿ ನಿಂತ. ಸಿಲಿಂಡರ್ ಹಿಡಿಸುವ ಪೆಟ್ಟಿಗೆ ಅದಲ್ಲವೆಂಬುದು ಎಲ್ಲರಿಗೂ ಕಾಣುತ್ತಿದ್ದರೂ ನಾನು ಬಗ್ಗಿ ನೋಡಿದೆ. ಸಿಲಿಂಡರನ್ನು ಅವರ ಅಳಿಯನೇ ಒಯ್ದದ್ದೆಂದು ಸಂಜೆ ತಿಳಿಯಿತು. ತಪ್ಪಾಯಿತೆಂದು ಹೇಳಲು ನಾಲಿಗೆ ಏಳದೆ ಒಂದು ತಟ್ಟೆ ಗೋಳಿಬಜೆ ಕೊಂಡುಹೋದೆ. ಅವನು ಸೆಲ್ಯೂಟ್ ಹೊಡೆದು ತೆಗೆದುಕೊಂಡ. ನಿನ್ನ ಪೆಟ್ಟಿಗೆಯನ್ನು ಅಲ್ಲಿ ಯಾರಾದರೂ ಹೀಗೆ ತೆರೆಸಿದ್ದಾರೆಯೇ? ಇದ್ದರೂ ಹೇಳಬೇಡ.

ನಿನ್ನೆ ಕೊನೆಗೂ ಹೆಸರು ಕೇಳಿದೆ. ಚೆಂದದ ಹೆಸರು. ಬೆಳಿಗ್ಗೆ ಆ ಹೆಸರು ಹಿಡಿದು ಎರಡು ಸಲ ಕರೆದರೂ ಅವನು ತಿರುಗಲಿಲ್ಲ. ಟ್ಯಾಂಕಿ ಉಕ್ಕಿ ಹರಿಯುತ್ತಿದ್ದುದರಿಂದ ಮೂರನೇ ಸಲ ಬಹಾದೂರ್ ಎಂದೇ ಕೂಗಬೇಕಾಯಿತು.

ಇಷ್ಟನ್ನೆಲ್ಲ ಊರವರೆದುರು ಹಾಕಿದ್ದಕ್ಕೆ ಬೈಯಬೇಡ ಮಾರಾಯ, ನಾಲ್ಕು ಜನ ‘ಎಂಥ ಒಳ್ಳೆಯ ಮನಸ್ಸು’ ಎಂದರೆ ಗೋಳಿಬಜೆಯ ಅಸಲು ಹುಟ್ಟಿತು. ಬರುವಾಗ ಖರ್ಜೂರ ಬೇಡ, ಒಳ್ಳೆಯ ಟಾರ್ಚ್ ಒಂದನ್ನು ತಾ.

ನಿನ್ನವ