ತೋಟದ ಹೆಸರು ನಂಬಿ, ‘ಓಲ್ಡ್ ವೈನ್’ ಎಂಬುದನ್ನಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಕ್ಯಾಲಿಫೋರ್ನಿಯಾದ ಜಿನ್‌ಫ್ಯಾಂಡೆಲ್ ಎಂಬ ದ್ರಾಕ್ಷಿ ತಳಿಯ ವೈನ್ ಬಗ್ಗೆ ಬಂದ ಲೇಖನ ಓದಿದೆ. ಬರಹ ಚೆನ್ನಾಗಿತ್ತು. ಆದರೆ ಬಾಟಲಿ ಮೇಲಿನ ತೋಟದ ಹೆಸರುಗಳೆಲ್ಲ ಮಾರಾಟಕ್ಕೆಂದು ಹುಟ್ಟಿಸಿದ ಚಂದದ ಹೆಸರುಗಳು, ‘ಓಲ್ಡ್ ವೈನ್’ ಅಂತ ಬರೆದಿದ್ದರೆ ಕಣ್ಣು ಮುಚ್ಚಿ ಕೊಳ್ಳಬಹುದು ಎಂಬ ಮಾತನ್ನು ಮಾತ್ರ ಒಪ್ಪಲಾಗಲಿಲ್ಲ. ವಿಷಯ ಪೂರ್ತಿ ಉಲ್ಟಾ ಇದೆ.

ಓಲ್ಡ್ ವೈನ್ (old vine) ಅಂದರೆ ಇಲ್ಲಿ ಹಳೇ ದ್ರಾಕ್ಷಿ ಬಳ್ಳಿ, ವರ್ಷಗಟ್ಟಲೆ ಇಟ್ಟ ಮದ್ಯವಲ್ಲ. ಬಳ್ಳಿಗೆ ಎಷ್ಟು ವಯಸ್ಸಾದರೆ ಹಳೇದು ಅಂತ ಅಮೆರಿಕದ ಕಾನೂನು ಎಲ್ಲೂ ಹೇಳಿಲ್ಲ. ಮೂವತ್ತು ವರ್ಷದ ಬಳ್ಳಿಗೂ ಬರೆಯಬಹುದು, ನೂರಮೂವತ್ತು ವರ್ಷದ್ದಕ್ಕೂ ಬರೆಯಬಹುದು. ತೋಟದ ಹೆಸರು ಹಾಗಲ್ಲ. ಲೇಬಲ್ ಮೇಲೆ ಒಂದು ತೋಟದ ಹೆಸರು ಹಾಕಬೇಕಾದರೆ ಒಳಗಿನ ವೈನ್‌ನಲ್ಲಿ 95% ಆ ತೋಟದ ಹಣ್ಣಿನದ್ದೇ ಆಗಿರಬೇಕು. ಜಿನ್‌ಫ್ಯಾಂಡೆಲ್ ಎಂದು ತಳಿಯ ಹೆಸರು ಹಾಕಲು 75% ಸಾಕು. ಯಾವ ಮಾತಿಗೆ ತೂಕ ಜಾಸ್ತಿ ಅಂತ ನೀವೇ ನೋಡಿ.

ಇನ್ನು ಹೆಸರುಗಳ ವಿಷಯ. ಸೊನೋಮಾ ಕಣಿವೆಯಲ್ಲಿ ಓಲ್ಡ್ ಹಿಲ್ ರಾಂಚ್ ಅಂತ ಒಂದು ತೋಟ ಇದೆ. ಹೆಸರು ಕೇಳಿ ಗುಡ್ಡ ಹುಡುಕಲು ಹೋಗಬೇಡಿ. ಹಿಲ್ ಅನ್ನುವುದು ಮನುಷ್ಯನ ಮನೆತನದ ಹೆಸರು. ವಿಲಿಯಂ ಮ್ಯಾಕ್‌ಫರ್ಸನ್ ಹಿಲ್ ಎಂಬಾತ 1850ರ ದಶಕದಲ್ಲಿ ಅಲ್ಲಿ ಬಂದು ನೆಲೆಸಿದ. 1981ರಲ್ಲಿ ಆಟೊ ಟೆಲ್ಲರ್ ಅದನ್ನು ಕೊಂಡಾಗ ಕಳೆ ಬೆಳೆದು ಬಳ್ಳಿಯೇ ಕಾಣುತ್ತಿರಲಿಲ್ಲ, ಕಿತ್ತು ಹೊಸದು ನೆಡಿ ಎಂಬ ಬುದ್ಧಿಮಾತೂ ಬಂತು. ಅವರು ಕೀಳಲಿಲ್ಲ. ಹೆಸರನ್ನೂ ಬದಲಿಸಲಿಲ್ಲ. ನಮ್ಮೂರುಗಳಲ್ಲಿ ಮಾರಿ ಎರಡು ತಲೆಮಾರು ಕಳೆದರೂ ‘ಶಾನುಭೋಗರ ತೋಟ’ ಶಾನುಭೋಗರ ತೋಟವೇ ಅಲ್ವಾ, ಹಾಗೆ.

ಎಲ್ಲ ಹೆಸರೂ ಹೀಗೆ ಉಳಿದಿಲ್ಲ, ಒಪ್ಪುತ್ತೇನೆ. ಅದೇ ಕಣಿವೆಯ ಮೇಲಿನ ಮಾಂಟೆ ರೊಸ್ಸೊ ತೋಟವನ್ನು 1880ರ ದಶಕದಲ್ಲಿ ನೆಡಿಸಿದವನು ಇಮ್ಯಾನುಯೆಲ್ ಗೋಲ್ಡ್‌ಸ್ಟೀನ್. ಆಗ ಅದಕ್ಕೆ ಮೌಂಟ್ ಪಿಸ್ಗಾ ಎಂದು ಬೈಬಲ್ಲಿನ ಬೆಟ್ಟದ ಹೆಸರಿತ್ತು. 1938ರಲ್ಲಿ ಲೂಯಿ ಮಾರ್ಟಿನಿ ಕೊಂಡು, ಅಲ್ಲಿನ ಕೆಂಪು ಮಣ್ಣು ನೋಡಿ ಇಟಾಲಿಯನ್‌ನಲ್ಲಿ ಕೆಂಪು ಬೆಟ್ಟ ಎಂದು ಹೊಸ ಹೆಸರಿಟ್ಟರು. ಇವತ್ತು ಗೋಲ್ಡ್‌ಸ್ಟೀನ್ ಯಾರಿಗೂ ನೆನಪಿಲ್ಲ. ಬೆಡ್‌ರಾಕ್ ತೋಟದ್ದು ಇನ್ನೂ ಮಜಾ. 1854ರಲ್ಲಿ ಅದನ್ನು ಶುರು ಮಾಡಿದವರು ವಿಲಿಯಂ ಟೆಕಂಸೆ ಶೆರ್ಮನ್ ಮತ್ತು ಜೋಸೆಫ್ ಹೂಕರ್, ಮುಂದೆ ಅಮೆರಿಕದ ಅಂತರ್ಯುದ್ಧದಲ್ಲಿ ದೊಡ್ಡ ಜನರಲ್‌ಗಳಾದವರು. ಆಮೇಲೆ ಬೇರು ತಿನ್ನುವ ಫಿಲಾಕ್ಸೆರಾ ಕೀಟ ಬಳ್ಳಿಗಳನ್ನು ಮುಗಿಸಿತು. 1888ರ ಸುಮಾರಿಗೆ ಮತ್ತೆ ನೆಡಿಸಿದವನು ಸೆನೆಟರ್ ಜಾರ್ಜ್ ಹರ್ಸ್ಟ್, ಪತ್ರಿಕೋದ್ಯಮಿ ವಿಲಿಯಂ ರಾಂಡಾಲ್ಫ್ ಹರ್ಸ್ಟ್‌ನ ಅಪ್ಪ. ಅವನ ಕಾಲದಲ್ಲಿ ಅದು ಮಡ್ರೋನ್ ತೋಟ. ಬೆಡ್‌ರಾಕ್ ಆಗಿದ್ದು ಈ ಶತಮಾನದಲ್ಲಿ, ಪೀಟರ್‌ಸನ್ ಕುಟುಂಬ ಕೊಂಡ ಮೇಲೆ. ಇಬ್ಬರು ಜನರಲ್‌ಗಳು, ಒಬ್ಬ ಸೆನೆಟರ್, ಆದರೂ ಯಾರ ಹೆಸರೂ ನಿಲ್ಲಲಿಲ್ಲ!

ರಿಡ್ಜ್ ಎಂಬ ವೈನ್ ಕಂಪನಿಯ ಲಿಟನ್ ಸ್ಪ್ರಿಂಗ್ಸ್ ತೋಟದ ಹೆಸರಿನ ಹಿಂದೆ ಬುಗ್ಗೆಗಳ ಪಕ್ಕ ಹೋಟೆಲ್ ನಡೆಸಿದ ಕ್ಯಾಪ್ಟನ್ ಲಿಟನ್ ಇದ್ದಾನೆ. ಜನರ ಬಾಯಲ್ಲಿ, ಕಾಗದಪತ್ರದಲ್ಲಿ ಸ್ಪೆಲ್ಲಿಂಗ್ ಬದಲಾಗಿ ಅವನ ಹೆಸರಿನ ‘ಐ’ ಹೋಗಿ ‘ವೈ’ ಬಂತು, ತಪ್ಪೇ ಖಾಯಂ ಆಯಿತು. ರಷ್ಯನ್ ರಿವರ್ ಕಡೆ ಮಾರ್ಟಿನೆಲ್ಲಿ ಕುಟುಂಬದ ತೋಟ ಜಾಕಾಸ್ ಹಿಲ್. ಇಲ್ಲಿ ಗುಡ್ಡ ನಿಜವಾಗಿಯೂ ಇದೆ, ಎಷ್ಟು ಕಡಿದು ಅಂದರೆ ಕತ್ತೆಯಂಥವನು ಮಾತ್ರ ಅಲ್ಲಿ ಬೇಸಾಯ ಮಾಡಿಯಾನು ಎಂದು ಮನೆಯವರೇ ಆಡಿದ ಮಾತು ಹೆಸರಾಯಿತು. ಮಾರಾಟದವರನ್ನು ಕೂರಿಸಿ ಹೆಸರಿಡಿಸಿದ್ದರೆ ಕತ್ತೆ ಬರುತ್ತಿತ್ತೇ?

ಜಾಸ್ತಿ ಹೆಸರುಗಳು ರೈತರವು. ಪಗಾನಿ, ಟೆಲ್ಡೆಸ್ಕಿ, ಡೂಸಿ ಇವರೆಲ್ಲ ಇಟಲಿ ಮೂಲದ ಮನೆತನಗಳು. ಇವಾಂಜೆಲ್ಯೊ ಪೋರ್ಚುಗೀಸರದ್ದು. 1920ರಿಂದ 1933ರವರೆಗೆ ಪಾನನಿಷೇಧ ಇದ್ದಾಗ ಬಹುತೇಕ ವೈನರಿಗಳು ಬಾಗಿಲು ಹಾಕಿದವು, ಆದರೆ ಮನೆ ಬಳಕೆಗೆ ವರ್ಷಕ್ಕೆ 200 ಗ್ಯಾಲನ್ ಮಾಡಿಕೊಳ್ಳಲು ಅವಕಾಶ ಉಳಿದಿತ್ತು, ಹಾಗಾಗಿ ಹಣ್ಣು ರೈಲು ಹತ್ತಿ ಪೂರ್ವದ ಊರುಗಳಿಗೆ ಹೋಯಿತು, ಬಳ್ಳಿ ಬದುಕಿತು. ಆಮೇಲೂ ಎಷ್ಟೋ ವರ್ಷ ಈ ಹಣ್ಣು ದೊಡ್ಡ ಜಗ್ಗುಗಳಲ್ಲಿ ಮಾರುವ ಅಗ್ಗದ, ಹೆಸರಿಲ್ಲದ ಜಗ್ ವೈನ್‌ಗೆ ಸೇರುತ್ತಿತ್ತು. 1960ರ ದಶಕದ ಕೊನೆಗೆ ಕೆಲವು ವೈನರಿಗಳು ಒಂದೊಂದು ತೋಟದ ಹಣ್ಣನ್ನು ಬೇರೆಯಾಗಿ ಬಾಟಲಿಗೆ ತುಂಬಲು ಶುರು ಮಾಡಿದವು. ರಿಡ್ಜ್ 1966ರಲ್ಲಿ ಗೈಸರ್‌ವಿಲ್ ಎಂಬ ವೈನ್ ಮಾಡಿತು, ಸಟರ್ ಹೋಮ್ ವೈನರಿ 1968ರಲ್ಲಿ ಅಮಡೋರ್ ಕೌಂಟಿಯ ಡೀವರ್ ತೋಟದ ಹಣ್ಣು ತೆಗೆದುಕೊಂಡಿತು. ಆ ಹೊತ್ತಿಗೆ ತೋಟ ಯಾರ ಕೈಯಲ್ಲಿತ್ತೋ ಎಷ್ಟೋ ಕಡೆ ಅವರ ಹೆಸರೇ ಲೇಬಲ್ ಮೇಲೆ ನಿಂತಿತು. ಮೊದಲು ನೆಟ್ಟವರು ಬೇರೆಯೇ ಇರಬಹುದು.

ಹೆಸರು ತೋಟಕ್ಕಿಂತ ಬೇಗ ಕೈ ಬದಲಾಯಿಸುವುದೂ ಉಂಟು. ಅಮಡೋರ್‌ನಲ್ಲೇ 1869ರ ದಾಖಲೆಯಲ್ಲಿ ಕಾಣುವ ಒಂದು ತೋಟ ಇದೆ, ಗ್ರ್ಯಾಂಡ್‌ಪೇರ್ ಎಂದೇ ಹೆಸರುವಾಸಿ. ಆ ಹೆಸರು ಒಂದು ವೈನರಿಯ ಟ್ರೇಡ್‌ಮಾರ್ಕ್ ಆಯಿತು. ಹಾಗಾಗಿ ಅದೇ ಬಳ್ಳಿಯ ಹಣ್ಣು ಕೊಳ್ಳುವ ಬೇರೆಯವರು ‘ವಿನ್ಯಾರ್ಡ್ 1869’, ‘ಒರಿಜಿನಲ್ ಗ್ರ್ಯಾಂಡ್‌ಪೇರ್’ ಅಂತೆಲ್ಲ ಬಳಸಿ ಬರೆಯುತ್ತಾರೆ.

ಲೇಖನದಲ್ಲಿ ಬರಬೇಕಿದ್ದ ಇನ್ನೊಂದು ವಿಷಯವೂ ಇದೆ. ಸೊನೋಮಾದ ಮೊದಲ ತೋಟಗಳಲ್ಲಿ ನೆಲ ಹಸನು ಮಾಡಿದವರು, ಬಳ್ಳಿ ನೆಟ್ಟವರು, ಬ್ಯೂನಾ ವಿಸ್ಟಾ ವೈನರಿಯಲ್ಲಿ ಬಂಡೆ ಕೊರೆದು ನೆಲಮಾಳಿಗೆ ಮಾಡಿದವರು ಚೀನೀ ಕೂಲಿಗಳು. 1882ರ ಕಾನೂನು ಚೀನೀ ಕೂಲಿಗಳು ದೇಶಕ್ಕೆ ಬರುವುದನ್ನೇ ನಿಲ್ಲಿಸಿತು. ಹಳೇ ಬಳ್ಳಿಯ ಲೇಬಲ್‌ಗಳಲ್ಲಿ ನಾನು ಇಟಾಲಿಯನ್, ಜರ್ಮನ್, ಪೋರ್ಚುಗೀಸ್ ಹೆಸರು ನೋಡಿದ್ದೇನೆ, ಒಂದೇ ಒಂದು ಚೀನೀ ಹೆಸರು ನೋಡಿಲ್ಲ. ಅಲ್ಲಿ ಸಿಗುವುದು ಒಡೆಯರ ಪಟ್ಟಿ, ದುಡಿದವರದ್ದಲ್ಲ.

ಕೊಳ್ಳುವವರಿಗೆ ಒಂದು ದಾರಿ ಇದೆ. ಹಿಸ್ಟಾರಿಕ್ ವಿನ್ಯಾರ್ಡ್ ಸೊಸೈಟಿ ಎಂಬ ಲಾಭರಹಿತ ಸಂಸ್ಥೆ ಹಳೇ ತೋಟಗಳ ಪಟ್ಟಿ ಇಟ್ಟಿದೆ. ನೆಟ್ಟು ಕನಿಷ್ಠ 50 ವರ್ಷ ಆಗಿರಬೇಕು, ಈಗಿರುವ ಬಳ್ಳಿಗಳಲ್ಲಿ ಮೂರನೇ ಒಂದು ಭಾಗವಾದರೂ ಆಗ ನೆಟ್ಟದ್ದೇ ಆಗಿರಬೇಕು. ಬಾಟಲಿ ಮೇಲಿನ ಹೆಸರು ಆ ಪಟ್ಟಿಯಲ್ಲಿದೆಯಾ ಅಂತ ನೋಡಿದರೆ ಆಯಿತು. ಮುಂದಿನ ಪುರವಣಿಯಲ್ಲಿ ಇಷ್ಟನ್ನಾದರೂ ತಿದ್ದುಪಡಿಯಾಗಿ ಹಾಕಿ.

– ಒಬ್ಬ ಓದುಗ, ಫ್ರೀಮಾಂಟ್, ಕ್ಯಾಲಿಫೋರ್ನಿಯಾ